ಮೂರನೇ ಲೈನಿನ ಹಾಜರಿ

ಪ್ರೇತವನ್ನು ಕಂಡ ಹುಡುಗಿ ಕಿರುಚುವುದೇಕೆ ಎಂಬ ಪ್ರಶ್ನೆಗೆ ಆರುನೂರು ಪದಗಳಲ್ಲಿ ಉತ್ತರ ಬರೆಯಬೇಕಾಗಿ ಬಂದ ದಿನ ನಾನು ಅರ್ಧ ಗಂಟೆ ಕೈಕಟ್ಟಿ ಕುಳಿತಿದ್ದೆ. ನನಗೆ ಉತ್ತರ ಗೊತ್ತಿರಲಿಲ್ಲ. ನಮ್ಮೂರಲ್ಲಿ ಯಾರೂ ಕಿರುಚುವುದಿಲ್ಲ. ಸತ್ತವರು ಬಂದರೆ ಸ್ವಲ್ಪ ಸರಿದು ಜಾಗ ಬಿಡುತ್ತೇವೆ, ಅಷ್ಟೆ. ಪುಸ್ತಕದಲ್ಲಿ ಮಾತ್ರ ಒಂದು ಹಾಳು ಬಂಗಲೆ, ಗುಡುಗು, ಕಿರುಗುಟ್ಟುವ ಬಾಗಿಲು, ಮೆಟ್ಟಿಲ ಮೇಲೆ ಬಿಳೀ ಗೌನಿನ ಹೆಂಗಸು. ಹುಡುಗಿ ಅವಳನ್ನು ನೋಡಿದ್ದೇ ಕಿಟಾರನೆ ಕಿರುಚಿ ಮೂರ್ಛೆ ಹೋಗುತ್ತಾಳೆ. ಆ ಹೆಂಗಸು ಅಲ್ಲಿಗೆ ಯಾಕೆ ಬಂದಳು, ಅವಳನ್ನು ಕರೆದವರು ಯಾರು, ಅವಳಿಗೆ ಕೂರಲು ಒಂದು ಸ್ಟೂಲಾದರೂ ಇತ್ತೇ ಎಂದು ಇನ್ನೂರು ಪುಟದಲ್ಲಿ ಒಬ್ಬರೂ ಕೇಳುವುದಿಲ್ಲ. ನನಗೆ ಸಿಟ್ಟು ಬಂತು. ಆದರೂ ಬರೆದೆ. ಬರೆಯುವುದೇ ನನ್ನ ಕೆಲಸ.

ಹಿಟ್ಟಿನ ಗಿರಣಿಯ ಮೇಲಿನ ಮಹಡಿಯಲ್ಲಿ ನಮ್ಮ ಹೋಂವರ್ಕ್ ಸಹಾಯ ಕೇಂದ್ರ. ಹನ್ನೊಂದು ಕಂಪ್ಯೂಟರು, ಹನ್ನೊಂದು ಜನ ಬಿ.ಎ., ಬಿ.ಎಸ್ಸಿ. ಓದಿದ ಹೆಣ್ಣುಮಕ್ಕಳು, ಕೆಳಗಿನಿಂದ ದಿನವಿಡೀ ಏರುವ ರಾಗಿಹಿಟ್ಟಿನ ಧೂಳು. ದೂರದ ಚಳಿದೇಶದ ಮಕ್ಕಳು ತಮ್ಮ ಮೇಷ್ಟ್ರುಗಳು ಕೊಟ್ಟ ಪ್ರಶ್ನೆಗಳನ್ನು ನಮಗೆ ಕಳಿಸುತ್ತಾರೆ. ಅವರ ಬೆಳಗು ನಮ್ಮ ಮಧ್ಯಾಹ್ನ. ಅವರು ಶಾಲೆಗೆ ಹೊರಡುವಷ್ಟರಲ್ಲಿ ನಾವು ಉತ್ತರ ಬರೆದು ಕಳಿಸಿರಬೇಕು. ಕೇಂದ್ರ ನಡೆಸುವವರು ನಿವೃತ್ತ ಹೆಡ್ಮೇಷ್ಟ್ರು ಅನಂತಸ್ವಾಮಿ. ಅವರದು ಎರಡೇ ನಿಯಮ. ಉತ್ತರದಲ್ಲಿ ನಮ್ಮ ವಾಸನೆ ಇರಕೂಡದು, ಮಕ್ಕಳ ಶಾಲೆಗೆ ನಾವು ನೇರವಾಗಿ ಒಂದಕ್ಷರವನ್ನೂ ಬರೆಯಕೂಡದು. ನಾನು ಎಂಟು ವರ್ಷದಿಂದ ಸಾಹಿತ್ಯ ಮತ್ತು ಸಮಾಜ ಎರಡೂ ವಿಷಯಗಳನ್ನು ನೋಡಿಕೊಳ್ಳುತ್ತಿದ್ದೇನೆ. ಎಂಟು ವರ್ಷದಲ್ಲಿ ಎಷ್ಟು ಮಕ್ಕಳ ಹೆಸರಿನಲ್ಲಿ ಜಾಣೆಯಾಗಿದ್ದೇನೋ ನನಗೇ ನೆನಪಿಲ್ಲ.

ನಮ್ಮೂರ ರೀತಿ ಹೊರಗಿನವರಿಗೆ ಗೊತ್ತಿರಲಿಕ್ಕಿಲ್ಲ. ಸತ್ತವರ ಹೆಸರನ್ನು ಇಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹೇಳಿದರೆ ಅವರು ಬರುತ್ತಾರೆ. ಮನೆಗಲ್ಲ, ಬದುಕಿದ್ದಾಗ ದುಡಿಯುತ್ತಿದ್ದ ಜಾಗಕ್ಕೆ. ಬಂದು, ಬಿಟ್ಟ ಕೆಲಸವನ್ನು ಹಿಡಿಯುತ್ತಾರೆ. ಮೂರು ದಿನ ಒಟ್ಟಿಗೆ ಯಾರೂ ಹೆಸರೆತ್ತದಿದ್ದರೆ ಮೂರನೇ ದಿನ ಸಂಜೆ ಹೊರಟುಹೋಗುತ್ತಾರೆ, ಮತ್ತೆ ಬರುವುದಿಲ್ಲ. ಹಾಗಾಗಿ ಊರಿನವರೆಲ್ಲ ಬಾಯಿ ಬಿಗಿಹಿಡಿದು ಬದುಕುವುದನ್ನು ಕಲಿತಿದ್ದೇವೆ. ಶ್ರಾದ್ಧದಲ್ಲಿ ಪುರೋಹಿತರು ಹೆಸರು ಬರುವ ಜಾಗಕ್ಕೆ ಬಂದಾಗ ಕೆಮ್ಮುತ್ತಾರೆ. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವುದಿಲ್ಲ. ಒಮ್ಮೆ ಹೋಟೆಲಿನಲ್ಲಿ ಮರೆಗುಳಿ ಮುದುಕರೊಬ್ಬರು ತೀರಿಕೊಂಡಿದ್ದ ಅಡುಗೆಯವನ ಹೆಸರು ಹಿಡಿದು ಅವನ ಕೈಯ ದೋಸೆಯೇ ಬೇಕು ಅಂದುಬಿಟ್ಟರು. ಪಾಪ, ಅವನು ಬಂದು ಮೂರು ದಿನ ಕಾವಲಿಯ ಮುಂದೆ ನಿಂತಿದ್ದ. ಮಾಲೀಕ ಎಲ್ಲರ ಕಾಲಿಗೆ ಬಿದ್ದು ಸುಮ್ಮನಿರಿಸಿ ಅವನನ್ನು ಕಳಿಸಿಕೊಟ್ಟ. ಅದು ಊರಿನ ಮರ್ಯಾದೆ. ಸತ್ತವರನ್ನು ದುಡಿಸಿಕೊಳ್ಳಬಾರದು ಅಂತ ಯಾರೂ ಎಲ್ಲೂ ಬರೆದಿಟ್ಟಿರಲಿಲ್ಲ, ಬರೆದಿಡಬೇಕು ಅಂತ ಯಾರಿಗೂ ಅನ್ನಿಸಿರಲೂ ಇಲ್ಲ.

ಗಾರ್ಮೆಂಟ್ಸ್ ಫ್ಯಾಕ್ಟರಿ ಬಂದ ಮೇಲೆ ಆ ಮರ್ಯಾದೆ ಹೋಯಿತು. ಅಲ್ಲಿ ಬೆಳಿಗ್ಗೆ ಎಂಟೂವರೆಗೆ ಮೈಕಿನಲ್ಲಿ ಹಾಜರಿ ಕೂಗುತ್ತಾರೆ. ಒಂದು ವರ್ಷ ದೊಡ್ಡ ಆರ್ಡರ್ ಬಂದಾಗ, ತೀರಿಕೊಂಡವರ ಹೆಸರುಗಳನ್ನು ಹೊಡೆದುಹಾಕಬೇಡಿ ಎಂದು ಮ್ಯಾನೇಜರ್ ನಾಗಭೂಷಣ ಹೇಳಿದನಂತೆ. ಅಲ್ಲಿಂದ ಮೂರನೇ ಲೈನು ಪೂರ್ತಿ ಸತ್ತವರದು. ಮೂವತ್ತೆರಡು ಮೆಷಿನ್ನು, ಯಾರಾದರೂ ತೀರಿಕೊಂಡ ಹಾಗೆಲ್ಲ ಒಂದೊಂದೇ ತುಂಬುತ್ತ ಬಂದವು. ಅವರು ನೀರು ಕುಡಿಯುವುದಿಲ್ಲ, ಪಾಯಿಖಾನೆಗೆ ಏಳುವುದಿಲ್ಲ, ಸೊಂಟ ನೋವು ಅನ್ನುವುದಿಲ್ಲ. ಬದುಕಿರುವ ಹೆಂಗಸು ಯಾರಾದರೂ ಎರಡನೇ ಸಲ ಎದ್ದರೆ ಸೂಪರ್‌ವೈಸರ್ ಬಾಯಲ್ಲಿ ಒಂದೇ ಮಾತು, "ಮೂರನೇ ಲೈನ್ ನೋಡಿ ಕಲ್ತ್ಕೊಳ್ರೇ." ಹಬ್ಬಕ್ಕೂ ಅವರಿಗೆ ಬಿಡುವಿಲ್ಲ. ಮೂರು ದಿನ ಒಟ್ಟಿಗೆ ರಜೆ ಬಂದರೆ ಹೊರಟುಹೋಗುತ್ತಾರಲ್ಲ! ಹಾಜರಿ ಕೂಗುವ ತಿಮ್ಮಕ್ಕ ದೀಪಾವಳಿಯ ದಿನವೂ ಹೊಸ ಸೀರೆ ಉಟ್ಟುಕೊಂಡು ಬಂದು, ಖಾಲಿ ಹಾಲಿನಲ್ಲಿ ನಿಂತು ಅಷ್ಟೂ ಹೆಸರು ಕೂಗಿ, ಕಣ್ಣೊರೆಸಿಕೊಂಡು ಮನೆಗೆ ಹೋಗಿ ಹೋಳಿಗೆ ಮಾಡುತ್ತಿದ್ದಳು. ಇದೆಲ್ಲ ನಮಗೆ ಗೊತ್ತಿತ್ತು. ನಾವೂ ಹೋಳಿಗೆ ತಿಂದೆವು. ನಮ್ಮ ಮನೆಯವರು ಆ ಲೈನಿನಲ್ಲಿ ಇರಲಿಲ್ಲವಲ್ಲ.

ಆಮೇಲೆ ನನ್ನ ಅಕ್ಕ ಆ ಲೈನಿಗೆ ಹೋದಳು. ನನಗಿಂತ ಹದಿನಾಲ್ಕು ವರ್ಷ ದೊಡ್ಡವಳು. ಅಪ್ಪ ಅವ್ವ ಇಬ್ಬರೂ ಒಂದೇ ವರ್ಷದಲ್ಲಿ ಹೋದಾಗ ನನಗೆ ಐದು ವರ್ಷ. ಅಕ್ಕ ಮದುವೆ ಮಾಡಿಕೊಳ್ಳಲಿಲ್ಲ. ಕಾಲರ್ ಹೊಲಿದಳು. ಇಪ್ಪತ್ತಾರು ವರ್ಷ ಅಂಗಿಯ ಕಾಲರ್ ಒಂದನ್ನೇ, ತೋಳಲ್ಲ, ಜೇಬಲ್ಲ. ಪೂರ್ತಿ ಅಂಗಿ ಹೇಗೆ ಹೊಲಿಯುತ್ತಾರೆ ಅಂತ ಅವಳಿಗೆ ಕೊನೆಯವರೆಗೂ ಬರಲಿಲ್ಲ. ಅವಳ ಕಾಲರುಗಳ ಮೇಲೆ ನಾನು ಇಂಗ್ಲಿಷ್ ಬಿ.ಎ. ಮಾಡಿದೆ. ಹೋದ ವರ್ಷ ಅವಳಿಗೆ ಜ್ವರ ಬಂತು. ರಜೆ ಕೇಳಿದಳು. ಈ ಆರ್ಡರ್ ಒಂದು ಮುಗಿಯಲಿ ಅಂದರು. ಮುಗಿಯುವ ಹೊತ್ತಿಗೆ ಅವಳೂ ಮುಗಿದಿದ್ದಳು. ಶನಿವಾರ ಮಧ್ಯಾಹ್ನ ಮನೆಗೆ ಬಂದು ಮಲಗಿದವಳು ಭಾನುವಾರ ಏಳಲಿಲ್ಲ. ಸಂಜೆ ಹೊತ್ತಿಗೆ ಮಣ್ಣು ಮಾಡಿ ಬಂದೆವು. ಸೋಮವಾರ ಬೆಳಿಗ್ಗೆ ನಾನು ಇನ್ನೂ ಮನೆ ಸಾರಿಸುತ್ತಿದ್ದೆ, ಎರಡನೇ ಲೈನಿನ ಹೆಂಗಸೊಬ್ಬಳು ಬಾಗಿಲಲ್ಲಿ ನಿಂತು ತಲೆ ತಗ್ಗಿಸಿಕೊಂಡು ಹೇಳಿದಳು. "ಕಮಲಾಕ್ಷಿ, ನಿಮ್ಮಕ್ಕ ಬಂದವ್ಳೆ. ಮೂರ್ನೇ ಲೈನು, ಹತ್ತೊಂಬತ್ನೇ ಮಿಷಿನ್ನು. ಕಾಲರ್ ಹೊಲೀತಾವ್ಳೆ."

ಅವಳು ಅಲ್ಲಿರುವುದಷ್ಟೇ ಆಗಿದ್ದರೆ ಹೇಗೋ ಸಹಿಸಿಕೊಳ್ಳುತ್ತಿದ್ದೆನೇನೋ. ಸಹಿಸಲಾಗದ್ದು ಬೇರೆಯೇ ಇತ್ತು. ವರ್ಷಪೂರ್ತಿ ಹೆಸರು ಕೂಗಿಸಿಕೊಂಡವರು ಆಮೇಲೆ ಕೂಗದೆಯೂ ಬರುತ್ತಾರೆ. ಫ್ಯಾಕ್ಟರಿ ಮುಚ್ಚಿದರೂ, ಕಟ್ಟಡ ಬಿದ್ದರೂ, ಅವರಿಗೆ ಹೋಗುವುದು ಮರೆತುಹೋಗಿರುತ್ತದೆ. ಮೊದಲ ಮೆಷಿನ್ನಿನ ಮುದುಕಿಗೆ ಹಾಗಾಗಿತ್ತು. ಅವಳ ಮಗ ಎದುರಿಗೆ ನಿಂತು ಅತ್ತರೂ ಅವಳು ಅವನ ಅಂಗಿಯ ಗುಂಡಿ ಸರಿಯಾಗಿದೆಯೇ ಅಂತ ಮಾತ್ರ ನೋಡಿದಳು. ಅಕ್ಕನಿಗೆ ವರ್ಷ ತುಂಬುವುದರೊಳಗೆ ಮೂರು ದಿನದ ಮೌನ ದೊರಕಿಸಿಕೊಡಬೇಕಿತ್ತು. ನಾನು ಬೇಡಿದ್ದು ಅಷ್ಟೇ. ಹನ್ನೊಂದು ತಿಂಗಳಲ್ಲಿ ನಾಗಭೂಷಣನ ಮುಂದೆ ಒಂಬತ್ತು ಸಲ ನಿಂತೆ. "ನೋಡಮ್ಮ, ನಾನಾಗಿ ತೆಗೆಯೋಕೆ ಬರಲ್ಲ," ಎಂದು ಅವನು ಒಂಬತ್ತು ಸಲವೂ ನಗುನಗುತ್ತಲೇ ಹೇಳಿದ. "ಅಂಗಿ ತಗೊಳ್ಳೋ ಕಂಪನಿಯಿಂದ ಒಂದು ಕಾಗದ ಬರ್ಲಿ. ಅದೇ ದಿನ ಹೊಡೆದಾಕ್ತೀನಿ." ಆ ಕಂಪನಿಯವರು ಆರು ತಿಂಗಳಿಗೊಮ್ಮೆ ಬಂದು ಬೆಂಕಿ ಆರಿಸುವ ಸಿಲಿಂಡರು, ಕಕ್ಕಸಿನ ಬಾಗಿಲು ಎಲ್ಲ ನೋಡಿ ಹೋಗುತ್ತಾರೆ. ಅವರ ಫಾರಮ್ಮಿನಲ್ಲಿ ಬದುಕಿದ್ದೀರಾ ಎಂಬ ಪ್ರಶ್ನೆಯೇ ಇಲ್ಲ.

ವರ್ಷ ತುಂಬಲು ಇಪ್ಪತ್ತಾರು ದಿನ ಉಳಿದಿದ್ದಾಗ ಈಡಿತ್ ಎಂಬ ಹುಡುಗಿಯ ಎರಡು ಹೋಂವರ್ಕ್ ಒಟ್ಟಿಗೆ ಬಂದವು. ಅವಳಿಗೆ ಹದಿನಾರು ವರ್ಷ. ಮಾತಿಗೊಂದು ನಗುವಿನ ಚಿತ್ರ ಅಂಟಿಸುವ ಒಳ್ಳೇ ಹುಡುಗಿ, ಎರಡು ವರ್ಷದಿಂದ ನನ್ನ ಕೈಲೇ ಬರೆಸುತ್ತಿದ್ದಳು. ಒಂದು, ಗಾಥಿಕ್ ಸಾಹಿತ್ಯದ ಲಕ್ಷಣಗಳು. ಅದೇ ಪಾಳುಬಂಗಲೆ, ಅದೇ ಕಿರುಚುವ ಹುಡುಗಿ. ಪ್ರಬಂಧ ಬೇಡವಾದರೆ ಅದೇ ಧಾಟಿಯಲ್ಲಿ ಒಂದು ಕಥೆಯನ್ನಾದರೂ ಬರೆಯಬಹುದು ಅಂತಿತ್ತು. ಇನ್ನೊಂದು, ಅಂತರರಾಷ್ಟ್ರೀಯ ಕಾರ್ಮಿಕ ಹಕ್ಕುಗಳು. ಎಲ್ಲ ದೇಶಗಳೂ ಒಪ್ಪಿರುವ ನಿಯಮಗಳು ಯಾರನ್ನು ಕಾಪಾಡುತ್ತವೆ, ಯಾರನ್ನು ಬಿಟ್ಟುಬಿಡುತ್ತವೆ, ಒಂದು ನಿಜವಾದ ಉದಾಹರಣೆಯನ್ನು ಹೆಸರು, ಕೆಲಸದ ವಿವರಗಳ ಸಮೇತ ಕೊಟ್ಟು ವಿವರಿಸಿ. ಕೆಳಗೆ ಈಡಿತ್ ಒಂದು ಸಾಲು ಸೇರಿಸಿದ್ದಳು. ಈ ಮೇಡಂ ತುಂಬ ಸ್ಟ್ರಿಕ್ಟು, ಅಂಗಿ ತರಿಸುವ ದೊಡ್ಡ ಕಂಪನಿಗಳನ್ನು ಪ್ರಶ್ನೆ ಮಾಡುವ ಸಮಿತಿಯಲ್ಲಿ ಇದ್ದಾರೆ, ಅವರು ಕಾಗದ ಬರೆದರೆ ಕಂಪನಿಯವರು ನಡುಗುತ್ತಾರೆ, ಚೆನ್ನಾಗಿ ಬರೆಯಿರಿ ಪ್ಲೀಸ್.

ಆ ಸಾಲನ್ನು ಎಷ್ಟು ಸಲ ಓದಿದೆನೋ. ನಿಯಮಗಳನ್ನು ತೆಗೆದು ಒಂದೊಂದೇ ಓದಿದೆ. ಶಿಕ್ಷೆಯ ಹೆದರಿಕೆಯಿಂದ, ತಾನಾಗಿ ಒಪ್ಪದ ಯಾವುದೇ ವ್ಯಕ್ತಿಯಿಂದ ಮಾಡಿಸಿಕೊಳ್ಳುವ ದುಡಿಮೆ ಬಲವಂತದ ದುಡಿಮೆ ಅಂತಿತ್ತು. ಯಾವುದೇ ವ್ಯಕ್ತಿ. ಉಸಿರಾಡುವ ವ್ಯಕ್ತಿ ಎಂದು ಅವರು ಬರೆದಿರಲಿಲ್ಲ. ಆ ಕಾಗದ ಬರೆದ ಪುಣ್ಯಾತ್ಮರು ನಮ್ಮೂರನ್ನು ಕನಸಿನಲ್ಲಿ ಕಂಡಿದ್ದರೋ ಎಂಬಷ್ಟು ಸಂತೋಷವಾಯಿತು ನನಗೆ. ಪಾಳುಬಂಗಲೆಯ ಪ್ರಬಂಧವನ್ನು ಒಂದು ಗಂಟೆಯಲ್ಲಿ ಬರೆದು ಬಿಸಾಕಿದೆ. ಇನ್ನೊಂದಕ್ಕೆ ನಾಲ್ಕು ದಿನ ತೆಗೆದುಕೊಂಡೆ. ಎಂಟು ವರ್ಷದಲ್ಲಿ ಮೊದಲ ಸಲ ನನ್ನ ಊರಿನ ಮಣ್ಣು, ನನ್ನ ಮನೆಯ ಮಾತು ಎಲ್ಲವನ್ನೂ ಹಾಕಿದೆ. ಹಾಜರಿಯ ಮೈಕು, ಹತ್ತೊಂಬತ್ತನೇ ಮೆಷಿನ್ನು, ಜ್ವರ, ನಿರಾಕರಿಸಿದ ರಜೆ, ವರ್ಷ ತುಂಬುವ ತಾರೀಖು. ಅಕ್ಕನ ಹೆಸರನ್ನೂ ಬರೆದೆ. ಹೆಸರಿಲ್ಲದ ಸಾಕ್ಷಿಯನ್ನು ಯಾವ ಸಮಿತಿ ಒಪ್ಪುತ್ತದೆ? ಕೈಯಲ್ಲಿ ಬರೆದರೆ ಸತ್ತವರು ಬರುವುದಿಲ್ಲ, ಬಾಯಲ್ಲಿ ಅಂದರೆ ಮಾತ್ರ. ಆದರೂ ಟೈಪ್ ಮಾಡುವಾಗ ತುಟಿ ಅಲ್ಲಾಡದಂತೆ ಸೆರಗನ್ನು ಹಲ್ಲಿನಲ್ಲಿ ಕಚ್ಚಿಕೊಂಡಿದ್ದೆ. ಒಟ್ಟು ಹದಿನೇಳು ಕಡೆ ಅವಳ ಹೆಸರು ಬಂದಿತ್ತು.

ಕಳಿಸಿ ಏಳು ದಿನ ಕಾದೆ. ಎಂಟನೇ ದಿನ ಈಡಿತ್‌ಳ ಸಂದೇಶ ಬಂತು, ಸಾಲುಗಟ್ಟಿ ನಕ್ಷತ್ರಗಳು, ಚಪ್ಪಾಳೆಗಳು. ನಿಮ್ಮ ಪ್ರೇತದ ಕಥೆಗೆ ಇಡೀ ಶಾಲೆಯಲ್ಲೇ ಮೊದಲ ಸ್ಥಾನ! ನೀವು ಕಳಿಸಿದ ಎರಡು ಫೈಲುಗಳ ತಲೆಬರಹ ಅದಲುಬದಲಾಗಿತ್ತು, ನಾನೇ ಸರಿಮಾಡಿ ಸಾಹಿತ್ಯದ ತರಗತಿಗೆ ಕೊಟ್ಟೆ. ಸಾಹಿತ್ಯದ ಸರ್ ಅಂತೂ ಹುಚ್ಚಾಗಿಬಿಟ್ಟಿದ್ದಾರೆ. ಬಂಗಲೆಯ ಜಾಗದಲ್ಲಿ ಫ್ಯಾಕ್ಟರಿ, ಸರಪಳಿಯ ಸದ್ದಿನ ಜಾಗದಲ್ಲಿ ಹಾಜರಿ, ಎಂಥ ಕಲ್ಪನೆ ಅಂದರು. ಹಕ್ಕುಗಳ ಹೋಂವರ್ಕಿಗೆ ನನ್ನ ಗೆಳತಿ ಹೋದ ವರ್ಷ ಬರೆದದ್ದನ್ನೇ ಕೊಟ್ಟೆ, ನೀವು ಚಿಂತೆ ಮಾಡಬೇಡಿ. ಮುಂದಿನ ತಿಂಗಳು ಯಾವತ್ತಾದರೂ ನಿಮ್ಮ ಕಥೆಯನ್ನು ಸರ್ ಎಲ್ಲ ತರಗತಿಗಳಲ್ಲಿ ಓದಿಸುತ್ತಾರಂತೆ.

ಕೆಳಗೆ ಗಿರಣಿ ಗರಗರ ತಿರುಗುತ್ತಿತ್ತು. ನನಗೆ ಅಳುವುದಕ್ಕೂ ತೋಚಲಿಲ್ಲ. ತಕ್ಷಣ ಬರೆದೆ. ಈಡಿತ್, ಅದು ಕಥೆಯಲ್ಲ, ನಿಜ, ಅವಳು ನನ್ನ ಅಕ್ಕ, ದಯವಿಟ್ಟು ಅದನ್ನು ಹಕ್ಕುಗಳ ಮೇಡಂಗೆ ಕೊಡು. ಉತ್ತರವಾಗಿ ಹೊಟ್ಟೆ ಹಿಡಿದು ನಗುವ ಚಿತ್ರ ಬಂತು. ನೀವು ಪಾತ್ರದಿಂದ ಹೊರಗೇ ಬರಲ್ಲ ಅಲ್ವಾ, ಸೂಪರ್ ಅಂದಳು. ಅವಳನ್ನು ಬಯ್ಯಲಾರೆ. ಅವಳು ಓದಿದ ಪುಸ್ತಕಗಳಲ್ಲಿ ಸತ್ತವರಿಗೆ ಇರುವುದು ಒಂದೇ ಕೆಲಸ, ಬದುಕಿರುವವರನ್ನು ಹೆದರಿಸುವುದು. ಕೊನೆಗೆ ಬೇರೇನೂ ಬೇಡ, ಓದಿಸುವ ಮುಂಚೆ ಆ ಹೆಸರೊಂದನ್ನು ತೆಗೆಸು, ಬೇಕಾದರೆ ನಿನ್ನ ಅಜ್ಜಿಯ ಹೆಸರು ಹಾಕಿಕೋ ಅಂದೆ. ಅದಕ್ಕೆ ಒಪ್ಪಿದಳು. ಖಂಡಿತ, ಸರ್‌ಗೆ ಹೇಳುತ್ತೇನೆ, ಪ್ರಾಮಿಸ್ ಅಂದಳು. ಅಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತು. ನಾನು ನಿಲ್ಲಿಸಲಿಲ್ಲ.

ಆಸೆ ಎಂಬುದು ಕೆಟ್ಟದ್ದು. ಶಾಲೆಯ ವಿಳಾಸ ಹುಡುಕಿ ಹಕ್ಕುಗಳ ಮೇಡಂಗೆ ನಾನೇ ನೇರವಾಗಿ ಬರೆದೆ. ಆ ಬರಹ ಕಥೆಯಲ್ಲ, ಬರೆದವಳು ನಾನು, ಇನ್ನು ಹದಿನೈದು ದಿನ ಉಳಿದಿದೆ, ಕಂಪನಿಗೆ ಒಂದು ಕಾಗದ ಬರೆಯಿರಿ ತಾಯಿ ಎಂದು ಕೈಮುಗಿದು ಕೇಳಿದೆ. ನಾಲ್ಕು ದಿನದ ಮೇಲೆ ಉತ್ತರ ಬಂತು, ಮೂರೇ ಸಾಲು. ನಮ್ಮ ವಿದ್ಯಾರ್ಥಿನಿಯ ಬಹುಮಾನಿತ ಕಥೆಯನ್ನು ನಿಮ್ಮದೆಂದು ಹೇಳಿಕೊಂಡಿದ್ದೀರಿ. ಇನ್ನೊಬ್ಬರ ದುಡಿಮೆಯನ್ನು ತನ್ನದೆನ್ನುವುದು ಕಳ್ಳತನ. ವಿದ್ಯಾರ್ಥಿನಿಯನ್ನು ಕರೆಸಿ ವಿಚಾರಿಸಿದ್ದೇವೆ, ನೀವು ಯಾರೆಂದೇ ಅವಳಿಗೆ ಗೊತ್ತಿಲ್ಲ. ಅದೇ ದಿನ ಈಡಿತ್ ನಮ್ಮ ಕೇಂದ್ರದ ಖಾತೆಯನ್ನು ಮುಚ್ಚಿದಳು. ನನ್ನ ಸಂದೇಶಗಳು ಅವಳಿಗೆ ತಲುಪುವುದು ನಿಂತಿತು. ಹೆಸರು ತೆಗೆಸಿದಳೋ ಇಲ್ಲವೋ ಕೇಳುವ ದಾರಿಯೂ ಮುಚ್ಚಿತು. ಹೆದರಿದ ಮಗು ಆ ಕಥೆಯ ಸುದ್ದಿಯನ್ನೇ ಎತ್ತಿರಲಾರದು.

ಅನಂತಸ್ವಾಮಿ ಮೇಷ್ಟ್ರು ನನ್ನನ್ನು ಕರೆದು ಎದುರಿಗೆ ಕೂರಿಸಿಕೊಂಡರು. "ಏನಮ್ಮಾ ಇದು, ನೀನೇ ಹೀಗೆ ಮಾಡಿದರೆ ಹೇಗೆ? ಹನ್ನೊಂದು ಮನೆ ಅನ್ನದ ಪ್ರಶ್ನೆ."

"ಅಕ್ಕನ ಪ್ರಶ್ನೆ ಸಾರ್ ಅದು," ಅಂದೆ.

ಅವರು ಕನ್ನಡಕ ತೆಗೆದು ಒರೆಸಿದರು. "ನಮ್ಮಮ್ಮನೂ ಹತ್ತಿಗಿರಣಿಯಲ್ಲಿ ಹತ್ತು ತಿಂಗಳು ಇದ್ದರು ಕಣಮ್ಮ, ಸತ್ತ ಮೇಲೆ. ಆಗ ಬೇರೆ ಮ್ಯಾನೇಜರು. ಯಾರಿಗೂ ಹೇಳಲಿಲ್ಲ ನಾನು. ನಾಚಿಕೆಯಾಗುತ್ತಿತ್ತು." ಆಮೇಲೆ ಕೆಲಸದಿಂದ ತೆಗೆಯುವುದಿಲ್ಲ, ಇನ್ನೊಮ್ಮೆ ಹೀಗಾಗಬಾರದು ಅಂದರು. ನನಗೆ ಅವರ ಮೇಲೆ ಸಿಟ್ಟು ಬರಬೇಕಿತ್ತು, ಬರಲಿಲ್ಲ.

ಇನ್ನು ಉಳಿದವಳು ತಿಮ್ಮಕ್ಕ ಒಬ್ಬಳೇ. ಹಿಂದೆ ಎಷ್ಟು ಸಲ ಕೇಳಿದ್ದರೂ ಆಗಲ್ಲ ಕಣವ್ವ ಅಂದಿದ್ದಳು. ನಾಗಭೂಷಣ ತನ್ನ ರೂಮಿನಲ್ಲಿ ಕೂತು ಮೈಕಿನ ಸದ್ದನ್ನು ಕಿವಿಗೊಟ್ಟು ಕೇಳುತ್ತಾನೆ, ಒಂದು ಹೆಸರು ಬಿಟ್ಟರೂ ಗೊತ್ತಾಗುತ್ತದೆ. ವರ್ಷಕ್ಕೆ ಆರು ದಿನ ಇರುವಾಗ ಅವಳೇ ನಮ್ಮ ಮನೆ ಬಾಗಿಲಿಗೆ ಬಂದಳು. ಸಣ್ಣಗೆ ಕೆಮ್ಮುತ್ತಿದ್ದಳು. ಒಳಗೆ ಬಂದು ಗೋಡೆಗೊರಗಿ ಕೂತು, ಕೊಟ್ಟ ನೀರನ್ನು ಕುಡಿದಳು.

"ಮ್ಯಾನೇಜರು ತಂಗಿ ಮದ್ವೆಗೆ ಹೋಯ್ತಾನಂತೆ. ಮಂಗಳಾರ, ಬುಧಾರ, ಗುರುವಾರ. ನಿಮ್ಮಕ್ಕನ್ ಹೆಸ್ರು ನುಂಗಾಕ್ತೀನಿ ಬುಡು."

ನಾನು ಅವಳ ಕಾಲು ಹಿಡಿಯಲು ಹೋದೆ. ಅವಳು ನನ್ನ ಕೈ ತಳ್ಳಿದಳು.

"ಸುಮ್ಕೆ ಮಾಡ್ತಿಲ್ಲ ಕಣ್ ಮಗಾ. ನಂಗೂ ಎದೇಲಿ ಏನೋ ಐತೆ ಅಂದವ್ರೆ ಆಸ್ಪತ್ರೇಲಿ. ನಾನು ಹೋದ್ಮೇಲೆ ನನ್ ಹೆಸ್ರೂ ಕೂಗ್ತಾರೆ. ಸತ್ತವ್ಳನ್ನ ಕರೆಸ್ಕಂಡು ಸತ್ತವ್ರ ಹೆಸ್ರೇ ಕೂಗುಸ್ತಾರೆ, ನೋಡ್ತಿರು. ಆಗ ನೀನ್ ಬಂದು ಅಡ್ಡ ನಿಂತ್ಕೋಬೇಕು. ನಿಂತ್ಕಂತೀಯಾ?"

ನಿಲ್ಲುತ್ತೇನೆ ಎಂದು ಅವಳ ತಲೆ ಮುಟ್ಟಿ ಹೇಳಿದೆ.

ಮಂಗಳವಾರ ಅವಳು ಮೂವತ್ತೊಂದು ಹೆಸರು ಕೂಗಿದಳು. ಹತ್ತೊಂಬತ್ತನೇ ಹೆಸರು ಬರುವ ಕಡೆ ಕೆಮ್ಮಿದಳಂತೆ, ಪುರೋಹಿತರ ಹಾಗೆ. ಹಾಲಿನಲ್ಲಿದ್ದ ಹೆಂಗಸರೆಲ್ಲ ಮೆಷಿನ್ನು ನಿಲ್ಲಿಸಿ ಒಂದು ಕ್ಷಣ ತಲೆಯೆತ್ತಿದರು, ಮತ್ತೆ ಬಗ್ಗಿಸಿದರು. ಯಾರೂ ಚಾಡಿ ಹೇಳಲಿಲ್ಲ. ಬುಧವಾರ ಅಕ್ಕನ ಕೈ ನಿಧಾನವಾಯಿತು ಎಂದು ಸುದ್ದಿ ಬಂತು. ಗಂಟೆಗೆ ನಲವತ್ತು ಕಾಲರ್ ಹೊಲಿಯುತ್ತಿದ್ದವಳು ಇಪ್ಪತ್ತಕ್ಕೆ ಇಳಿದಳು, ಕಿಟಕಿಯ ಬಿಸಿಲು ಅವಳ ಭುಜದ ಮೂಲಕ ಹಾಯ್ದು ಬಟ್ಟೆಯ ಮೇಲೆ ಬೀಳುತ್ತಿತ್ತಂತೆ. ಗುರುವಾರ ನಾನು ಕೇಂದ್ರಕ್ಕೆ ರಜೆ ಹಾಕಿ, ಕೆಲಸ ಕಲಿಯಲು ಬಂದವಳ ಹಾಗೆ ತಲೆಗೆ ಟೋಪಿ ಹಾಕಿಕೊಂಡು ತಿಮ್ಮಕ್ಕನ ಹಿಂದೆ ಒಳಗೆ ಹೋದೆ. ಹತ್ತೊಂಬತ್ತನೇ ಮೆಷಿನ್ನಿನ ಪಕ್ಕದಲ್ಲಿ ನೆಲದ ಮೇಲೆ ಕುಳಿತೆ. ಸಂಜೆ ಐದೂವರೆಯ ಗಂಟೆ ಹೊಡೆದರೆ ಮುಗಿಯಿತು. ಅಷ್ಟು ಹೊತ್ತು ಅವಳ ಮುಖ ನೋಡುತ್ತ ಕೂತಿರುವುದೇ ನನ್ನ ಕೆಲಸ.

ನಾಗಭೂಷಣನನ್ನು ಕಾಣಲು ಬಂದಾಗ ಒಂಬತ್ತು ಸಲವೂ ಅವಳ ಮುಂದೆ ಹಾದುಹೋಗಿದ್ದೆ, ಅವಳು ಒಮ್ಮೆಯೂ ನನ್ನ ಕಡೆ ತಿರುಗಿರಲಿಲ್ಲ. ಅವತ್ತು ಮಧ್ಯಾಹ್ನದ ಊಟದ ಗಂಟೆಯಾದ ಮೇಲೆ ಮೆಷಿನ್ನಿನ ಮೇಲಿಂದ ಕೈ ತೆಗೆದಳು. ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡಿಕೊಂಡಳು. ಆಮೇಲೆ ನನ್ನನ್ನು ನೋಡಿದಳು. ಮೂಗಿನ ಮೇಲೆ ನೂಲಿನ ಪುಡಿ ಅಂಟಿಕೊಂಡಿತ್ತು, ಬದುಕಿದ್ದಾಗ ದಿನಾ ಸಂಜೆ ಅಂಟಿಕೊಂಡಿರುತ್ತಿದ್ದ ಹಾಗೇ.

"ಪುಟ್ಟೀ," ಅಂದಳು. "ಉಂಡ್ಯಾ?"

"ಉಂಡೆ ಅಕ್ಕ."

"ಸುಳ್ಳೇಳ್ಬೇಡ. ಮಕ ಬಾಡೋಗದೆ."

ನಾನು ಅತ್ತೆ. ಅವಳು ತಡೆಯಲಿಲ್ಲ. ಎಷ್ಟು ದಿನವಾಯಿತು ಎಂದು ಕೇಳಿದಳು, ಹೇಳಿದೆ. ಅಷ್ಟೊಂದಾ ಅಂದಳು. ಸುಸ್ತಾಗಿದೆ ಕಣೇ, ಹೋಗ್ಬೇಕು ಅಂದಳು. ಹೋಗು ಅಕ್ಕ, ಇನ್ನು ಸ್ವಲ್ಪ ಹೊತ್ತು, ಐದೂವರೆಗೆ ಹೋಗು ಅಂದೆ. ಅವಳ ಮೂಲಕ ನನಗೆ ನಾಲ್ಕನೇ ಲೈನಿನವರ ಚಪ್ಪಲಿಗಳು ಕಾಣುತ್ತಿದ್ದವು. ಅಷ್ಟು ತೆಳ್ಳಗಾಗಿದ್ದಳು. ಗಡಿಯಾರದಲ್ಲಿ ಮೂರು ಗಂಟೆ. ನನ್ನ ಜೀವನದಲ್ಲಿ ಅಷ್ಟು ಸಂತೋಷದಿಂದ ಯಾರ ಸಾವಿಗೂ ಕಾದವಳಲ್ಲ ನಾನು.

ಮೂರೂಕಾಲರ ಹೊತ್ತಿಗೆ ಅಕ್ಕ ತಲೆಯನ್ನು ಒಂದು ಕಡೆ ವಾಲಿಸಿದಳು. ಹಾಲಿನಲ್ಲಿ ಯಾರೂ ಬಾಯಿ ತೆರೆದಿರಲಿಲ್ಲ. ಮೈಕು ಆರಿತ್ತು. ತಿಮ್ಮಕ್ಕ ಬಾಗಿಲ ಹತ್ತಿರ ಸೆರಗು ಬಾಯಿಗಿಟ್ಟುಕೊಂಡು ನಿಂತಿದ್ದಳು.

"ಯಾರೋ ಕರುದ್ರು," ಅಂದಳು ಅಕ್ಕ.

"ಇಲ್ಲ ಅಕ್ಕ, ಯಾರೂ ಇಲ್ಲ."

"ಕರೀತಾವೆ ಕಣೇ. ಮಕ್ಳು. ತುಂಬಾ ದೂರ." ಅವಳ ಹಣೆ ಗಂಟಿಕ್ಕಿತು. "ಒಂದಾದ್ಮೇಲೆ ಒಂದು ಕರೀತಾವೆ. ನೆಟ್ಟಗೆ ಬರಲ್ಲ ಅವಕ್ಕೆ, ಒಂದೊಂದು ಒಂದೊಂಥರಾ ಅಂತಾವೆ. ಪಾಪ, ನಾಲ್ಗೆ ತಿರುಗ್ತಿಲ್ಲ. ಆದ್ರೂ ನನ್ನೇ ಕರೀತಿರಾದು."

ನಾನು ಎರಡೂ ಅಂಗೈಯಿಂದ ಅವಳ ಕಿವಿ ಮುಚ್ಚಲು ಹೋದೆ. ಕೈಗೆ ಈಗ ಕಿವಿ ಸಿಕ್ಕಿತು. ಗಟ್ಟಿಯಾಗಿ, ತಣ್ಣಗೆ ಸಿಕ್ಕಿತು. ಭುಜದ ಹಿಂದೆ ಕಾಣುತ್ತಿದ್ದ ಚಪ್ಪಲಿಗಳು ಮರೆಯಾದವು. ಹದಿನೇಳು ಸಲ, ನಾನೇ ಬರೆದ ಹದಿನೇಳು ಸಲ, ಅಲ್ಲಿ ಯಾವುದೋ ಬೆಚ್ಚನೆಯ ಕೋಣೆಯಲ್ಲಿ ಬೆಂಚಿನಿಂದ ಬೆಂಚಿಗೆ ಪುಟ ದಾಟಿಸುತ್ತ ಅವರು ಓದುತ್ತಿದ್ದರು. ನಾನು ಅಕ್ಕನ ತೋಳು ಹಿಡಿದು ಜಗ್ಗಿದೆ. ಹೋಗು, ಕೇಳಿಸಿಕೊಳ್ಳಬೇಡ, ಅವರು ನಿನ್ನವರಲ್ಲ ಎಂದು ಕೂಗಿದೆ. ಅವಳು ನನ್ನ ಬೆರಳುಗಳನ್ನು ಮೆತ್ತಗೆ ಬಿಡಿಸಿ, ಕಟ್ಟಿನಿಂದ ಮುಂದಿನ ಕಾಲರ್ ಎಳೆದುಕೊಂಡಳು. ಮೆಷಿನ್ನು ಶುರುವಾಯಿತು. ಆಮೇಲೆ ಅವಳು ನನ್ನ ಕಡೆ ನೋಡಲಿಲ್ಲ. ಪುಸ್ತಕದ ಆ ಹುಡುಗಿಯ ಹಾಗೆ ನಾನು ಕಿರುಚಿದೆನಂತೆ, ತಿಮ್ಮಕ್ಕ ಆಮೇಲೆ ಹೇಳಿದಳು. ನನಗೆ ನೆನಪಿಲ್ಲ.

ಭಾನುವಾರಕ್ಕೆ ವರ್ಷ ತುಂಬಿತು. ಈಗ ಅಕ್ಕನ ಹೆಸರನ್ನು ಯಾರೂ ಕೂಗಬೇಕಾಗಿಲ್ಲ. ನಾಗಭೂಷಣ ಮದುವೆಯಿಂದ ಬಂದವನು ತಾನೇ ಆ ಹೆಸರನ್ನು ಹಾಜರಿಪುಸ್ತಕದಿಂದ ಹೊಡೆದುಹಾಕಿ, ನಿನ್ನ ಆಸೆಯಂತೆ ತೆಗೆದಿದ್ದೇನೆ ಎಂದು ನನಗೆ ಹೇಳಿ ಕಳಿಸಿದ. ತಿಮ್ಮಕ್ಕ ಕಾಯಿಲೆ ಜೋರಾಗಿ ಆಸ್ಪತ್ರೆ ಸೇರಿದ್ದಾಳೆ. ಅವಳ ಮಂಚದ ಪಕ್ಕದಲ್ಲಿ ಕೂತಾಗ ಅವಳು ನಾನು ಕೊಟ್ಟ ಮಾತನ್ನು ನೆನಪಿಸುವುದಿಲ್ಲ, ನಾನೂ ಅವಳ ಮುಖ ನೋಡುವುದಿಲ್ಲ.

ಕೆಲಸಕ್ಕೆ ಹೋಗುತ್ತಿದ್ದೇನೆ. ಮೊನ್ನೆ ಬುಧವಾರ ಹೊಸ ಹೋಂವರ್ಕ್ ಬಂತು. ಬೇರೆ ಶಾಲೆ, ಬೇರೆ ಹುಡುಗ. ಅಂಚೆ ಚೀಟಿಯಷ್ಟು ಅಗಲದ ಅವನ ಫೋಟೋದಲ್ಲಿ ಮುಂದಿನ ಹಲ್ಲೊಂದು ಮುರಿದಿತ್ತು. ಈ ವರ್ಷ ಅಲ್ಲಿನ ಎಷ್ಟೋ ಶಾಲೆಗಳಲ್ಲಿ ಈಡಿತ್‌ಗೆ ಬಹುಮಾನ ಬಂದ ಆ ಕಥೆಯನ್ನು ಪಾಠವಾಗಿ ಇಟ್ಟಿದ್ದಾರಂತೆ. ಪ್ರಶ್ನೆ ಹೀಗಿತ್ತು. ಕಥೆಯ ಕೊನೆಯಲ್ಲಿ ಅಕ್ಕನಿಗೆ ಬಿಡುಗಡೆಯಾಯಿತೇ ಎಂಬುದನ್ನು ಲೇಖಕಿ ಹೇಳಿಲ್ಲ, ಏನಾಗಿರಬಹುದು, ನಿಮ್ಮ ಊಹೆಯನ್ನು ಮುನ್ನೂರು ಪದಗಳಲ್ಲಿ ಬರೆಯಿರಿ. ಭಯ ಹುಟ್ಟಿಸುವಂತಿರಲಿ ಎಂದು ಹುಡುಗ ಕೆಳಗೆ ಸೇರಿಸಿದ್ದ. ಮೇಷ್ಟ್ರು ನನ್ನ ಬೆನ್ನ ಹಿಂದೆ ಬಂದು ನಿಂತು ಓದಿಕೊಂಡರು. ಬೇರೆಯವರಿಗೆ ಕೊಡಲೇನಮ್ಮ ಅಂದರು. ಬೇಡ ಸಾರ್ ಅಂದೆ. ಅವಳು ಹೋದಳು ಅಂತ ಬರೆದೆ. ಗುರುವಾರ ಸಂಜೆ ಐದೂವರೆಯ ಗಂಟೆ ಹೊಡೆದದ್ದು, ಅವಳು ಮೆಷಿನ್ನಿನ ಮುಂದಿಂದ ಎದ್ದು ಸೀರೆ ಕೊಡವಿಕೊಂಡದ್ದು, ತಂಗಿಗೆ ಉಂಡು ಮಲಗು ಎಂದು ಹೇಳಿ ಬಿಸಿಲಿಗೆ ನಡೆದದ್ದು ಎಲ್ಲವನ್ನೂ ಮುನ್ನೂರು ಪದಗಳಲ್ಲಿ ಬರೆದು ಮುಗಿಸಿದೆ. ಹುಡುಗ ಹತ್ತೇ ನಿಮಿಷದಲ್ಲಿ ವಾಪಸು ಕಳಿಸಿದ. ಇದು ನಂಬುವ ಹಾಗಿಲ್ಲ, ಸರಿಮಾಡಿ ಕೊಡಿ ಅಂದ. ನಾನು ಸರಿಮಾಡಿ ಕೊಟ್ಟೆ.